ಸ್ನಾಯು, ಟೆಂಡನ್, ಮೂಳೆ ನೋವಿಗೆ ಲೇಸರ್: ಎಲ್ಲಿ ಇಡಬೇಕು, ಎಷ್ಟು ಸೆಕೆಂಡ್ ಇಡಬೇಕು

ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ ಎತ್ತಿ ಲಾರಿಗೆ ಪೇರಿಸುವ ಹಮಾಲಿಯ ಭುಜ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಹೆಬ್ಬೆರಳ ಬುಡ, ಎರಡು ಹೊತ್ತೂ ಹಾಲು ಕರೆಯುವವರ ಮೊಣಕೈ, ಕಬಡ್ಡಿ ಆಡುವ ಹುಡುಗರ ತೊಡೆಯ ಹಿಂಭಾಗ. ಈ ಸೀಮೆಯ ಫಿಸಿಯೋಥೆರಪಿ ಕ್ಲಿನಿಕ್‌ಗಳಿಗೆ ಮತ್ತೆ ಮತ್ತೆ ಬರುವ ನೋವುಗಳಿವು. ಕಡಿಮೆ ಶಕ್ತಿಯ ಲೇಸರ್ ಇವುಗಳಲ್ಲಿ ಕೆಲವಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಸ್ಕ್ರೀನ್ ಮೇಲಿನ ಮೊಣಕೈ ಚಿತ್ರ ಒತ್ತಿ, ಬೆಳಕು ಬಿಡುವ ಹಿಡಿಕೆಯಾದ ಪ್ರೋಬನ್ನು ನೋವಿರುವ ಕಡೆ ಅಂದಾಜಿಗೆ ಹಿಡಿದು, ಬೀಪ್ ಅಂದ ಕೂಡಲೇ ಎತ್ತಿಬಿಟ್ಟರೆ ಒಳಗೆ ಎಷ್ಟು ಬೆಳಕು ಹೋಯಿತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. "ಲೇಸರ್ ಕೆಲಸ ಮಾಡಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಲೆಕ್ಕದ ತಪ್ಪು. ಈ ಬರಹ ಫಿಸಿಯೋಥೆರಪಿಸ್ಟ್‌ಗಳಿಗೆ. ಚಿಕಿತ್ಸೆ ತೆಗೆದುಕೊಳ್ಳುವವರು ಓದಿದರೂ ತಮಗೆ ಏನು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಕೇಳಬೇಕಾದ ಪ್ರಶ್ನೆಯೂ ಸಿಗುತ್ತದೆ.

ಈ ಬೆಳಕು ಸುಡುವುದಿಲ್ಲ, ಕೊಯ್ಯುವುದಿಲ್ಲ. 1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೋಳಿಸಿದ ಚರ್ಮಕ್ಕೆ ರೂಬಿ ಲೇಸರ್ ಹಿಡಿದಾಗ ಅಲ್ಲಿ ಕೂದಲು ಬೇಗ ಬೆಳೆಯಿತು. ಇಡೀ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಕೆಂಪು ಮತ್ತು ಅದರಾಚೆಯ ಕಣ್ಣಿಗೆ ಕಾಣದ ಬೆಳಕನ್ನು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರಿಕೊಳ್ಳುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ ಉತ್ಪಾದನೆ ಹೆಚ್ಚುತ್ತದೆ, ಉರಿಯೂತ ಇಳಿಯುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ಅದಕ್ಕೆ ರೋಗಿ "ಏನೂ ಗೊತ್ತಾಗಲೇ ಇಲ್ಲವಲ್ಲ" ಎಂದರೆ ಅದು ಸರಿಯೇ. ಬಿಸಿ ಹತ್ತಿತು ಎಂದರೆ ಮಾತ್ರ ಏನೋ ತಪ್ಪಿದೆ.

ಮೊದಲು ಯಂತ್ರದ ಲೇಬಲ್ ಓದಿ

ಮೂರು ಸಂಖ್ಯೆ ಬೇಕು: ತರಂಗಾಂತರ, ಸರಾಸರಿ ಶಕ್ತಿ, ಪ್ರೋಬ್ ತುದಿಯ ಬೆಳಕಿನ ಚುಕ್ಕೆಯ ವಿಸ್ತೀರ್ಣ. ಯಂತ್ರದ ಹಿಂದೆ ಇಲ್ಲದಿದ್ದರೆ ಪ್ರೋಬ್ ಮೇಲೆ ನೋಡಿ, ಅಲ್ಲೂ ಇಲ್ಲದಿದ್ದರೆ ಕೈಪಿಡಿಯಲ್ಲಿ ಹುಡುಕಿ. ಎಲ್ಲೂ ಸಿಗದ ಯಂತ್ರವನ್ನು ಬಳಸದಿರುವುದೇ ಲೇಸು.

ತರಂಗಾಂತರ 630ರಿಂದ 660 ನ್ಯಾನೊಮೀಟರ್ ಇದ್ದರೆ ಅದು ಕಣ್ಣಿಗೆ ಕಾಣುವ ಕೆಂಪು. ಗಾಯ, ಚರ್ಮ ಇವಕ್ಕೆ ಸರಿ, ಭುಜದ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರಿಗೆ, ಮುಟ್ಟುವುದಿಲ್ಲ. ಸ್ನಾಯು, ಟೆಂಡನ್‌ಗೆ ಬೇಕಾದ್ದು 780ರಿಂದ 860ರ ನಡುವಿನದು, ಅಥವಾ ಬೆಳಕನ್ನು ಅತಿ ಚಿಕ್ಕ ಮಿಡಿತಗಳಲ್ಲಿ ಬಿಡುವ 904 ನ್ಯಾನೊಮೀಟರ್‌ನ ಸೂಪರ್‌ಪಲ್ಸ್ ಲೇಸರ್. ಸರಾಸರಿ ಶಕ್ತಿ 5ರಿಂದ 500 ಮಿಲಿವ್ಯಾಟ್ ಇದ್ದರೆ ಲೇಸರ್ ಅಪಾಯದ ವರ್ಗಗಳಲ್ಲಿ ಅದು ಕ್ಲಾಸ್ 3ಬಿ. ಅದಕ್ಕಿಂತ ಮೇಲಿನದು ಕ್ಲಾಸ್ 4, ಅದರ ವಿಚಾರ ಕೊನೆಗೆ ಬರುತ್ತದೆ.

ಇನ್ನು ಲೆಕ್ಕ. ಜೌಲ್ ಎಂದರೆ ವ್ಯಾಟ್ ಗುಣಿಸು ಸೆಕೆಂಡ್, ಅಷ್ಟೇ. ಡ್ರಿಪ್ಪರ್ ಗಂಟೆಗೆ ಎಷ್ಟು ಲೀಟರ್ ಬಿಡುತ್ತದೆ ಎಂದು ಗೊತ್ತಿಲ್ಲದೆ ಗಿಡಕ್ಕೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಯಾವ ರೈತನೂ ಹೇಳಲಾರ. ಇಲ್ಲೂ ಹಾಗೆಯೇ. 100 ಮಿಲಿವ್ಯಾಟ್ ಪ್ರೋಬ್‌ನಿಂದ 4 ಜೌಲ್ ಕೊಡಲು 40 ಸೆಕೆಂಡ್ ಬೇಕು, 50 ಮಿಲಿವ್ಯಾಟ್ ಆದರೆ 80 ಸೆಕೆಂಡ್, 30 ಆದರೆ ಎರಡು ನಿಮಿಷಕ್ಕೂ ಮೇಲೆ. 500 ಮಿಲಿವ್ಯಾಟ್‌ನಲ್ಲಿ ಎಂಟೇ ಸೆಕೆಂಡ್‌ಗೆ 4 ಜೌಲ್ ಮುಗಿಯುತ್ತದೆ. ಅದು ಅನುಕೂಲವಲ್ಲ. ಲೇಸರ್ ಚಿಕಿತ್ಸೆಯ ಜಾಗತಿಕ ಸಂಘ ವಾಲ್ಟ್ ಒಂದು ಪಾಯಿಂಟ್‌ಗೆ 20ರಿಂದ 300 ಸೆಕೆಂಡ್ ಇರಲಿ ಎನ್ನುತ್ತದೆ. ಹಾಗಾಗಿ ಶಕ್ತಿ ಇಳಿಸಿ, ಹೊತ್ತು ಹೆಚ್ಚಿಸಿ.

ಎಡವುವುದು ಹೆಚ್ಚಾಗಿ ಈ ಮೂರು ಕಡೆ.

ಒಂದು, ಚದರ ಸೆಂಟಿಮೀಟರ್‌ನ ಗೊಂದಲ. ಕೆಲವು ಯಂತ್ರಗಳು ಕೇಳುವುದು ಜೌಲ್ ಅಲ್ಲ, ಚದರ ಸೆಂಟಿಮೀಟರ್‌ಗೆ ಎಷ್ಟು ಜೌಲ್ ಎಂದು. ಚುಕ್ಕೆ 0.1 ಚದರ ಸೆಂಟಿಮೀಟರ್ ಇರುವ ಪ್ರೋಬ್‌ನಲ್ಲಿ 4 ಎಂದು ಒತ್ತಿದರೆ ನಿಜವಾಗಿ ಹೋಗುವುದು 0.4 ಜೌಲ್. ಸ್ಕ್ರೀನ್ ಮೇಲೆ 4 ಅಂತಲೇ ಇರುತ್ತದೆ, ಟೆಂಡನ್‌ಗೆ ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲು. ಈ ಯಂತ್ರದಲ್ಲಿ 4 ಜೌಲ್ ಬೇಕಾದರೆ 40 ಎಂದು ಒತ್ತಬೇಕು. ನಾಲ್ಕೇ ಸೆಕೆಂಡಿಗೆ ಬೀಪ್ ಬಂದರೆ ಅನುಮಾನ ಪಡಿ.

ಎರಡು, ಕ್ಲಸ್ಟರ್ ಪ್ರೋಬ್. ಬೆಳಕು ಬಿಡುವ ಐದು ಡಯೋಡ್ ಇರುವ ಪ್ರೋಬ್ 20 ಜೌಲ್ ತೋರಿಸಿದರೆ ಒಂದೊಂದರಿಂದ ಹೋದದ್ದು 4 ಜೌಲ್. ಮೊಣಕೈಯಂತಹ ಸಣ್ಣ ಜಾಗದಲ್ಲಿ ಐದರಲ್ಲಿ ಒಂದೋ ಎರಡೋ ಮಾತ್ರ ಚರ್ಮಕ್ಕೆ ತಾಗುತ್ತವೆ, ಮಿಕ್ಕವು ಗಾಳಿಗೆ. ಅಂತಹ ಕಡೆ ಒಂಟಿ ಪ್ರೋಬೇ ಬೇಕು.

ಮೂರು, 904ರ ಯಂತ್ರದಲ್ಲಿ ಪೀಕ್ ಪವರ್, ಅಂದರೆ ಕ್ಷಣದ ಗರಿಷ್ಠ ಶಕ್ತಿ ನೋಡಿ ಮರುಳಾಗುವುದು. "25 ವ್ಯಾಟ್" ಎಂದು ಬರೆದಿರುತ್ತದೆ. ಒಂದೊಂದು ಪಲ್ಸ್ 200 ನ್ಯಾನೊಸೆಕೆಂಡ್ ಇದ್ದು, ಸೆಕೆಂಡಿಗೆ 5000 ಪಲ್ಸ್ ಹೊಡೆದರೆ ಸರಾಸರಿ 25 ಮಿಲಿವ್ಯಾಟ್ ಆಗುತ್ತದೆ. ಅದೇ ಯಂತ್ರವನ್ನು 1000 ಹರ್ಟ್ಜ್‌ಗೆ ಇಳಿಸಿದರೆ ಬರೀ 5 ಮಿಲಿವ್ಯಾಟ್. ಆಗ 1 ಜೌಲ್ ಕೊಡಲು 40 ಸೆಕೆಂಡ್ ಸಾಲದು, 200 ಸೆಕೆಂಡ್ ಬೇಕು. ಫ್ರೀಕ್ವೆನ್ಸಿ ಬದಲಿಸಿದಾಗಲೆಲ್ಲ ಹೊತ್ತನ್ನು ಮತ್ತೆ ಲೆಕ್ಕ ಹಾಕಿ.

ಯಾರಿಗೆ ಇಡಬಾರದು

ಕಣ್ಣಿನ ಮೇಲೆ, ಕಣ್ಣಿನ ಕಡೆಗೆ ಎಂದೂ ಬೇಡ. ಕ್ಯಾನ್ಸರ್ ಗಡ್ಡೆ ಇರುವ ಅಥವಾ ಇರಬಹುದೆಂಬ ಅನುಮಾನವಿರುವ ಜಾಗಕ್ಕೆ, ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟಕ್ಕೆ, ರಕ್ತ ಸೋರುತ್ತಿರುವ ಹೊಸ ಪೆಟ್ಟಿಗೆ ಬೇಡ. ಥೈರಾಯ್ಡ್ ಮೇಲೂ ಹಿಡಿಯಬೇಡಿ. ಬೆಳೆಯುವ ಮಕ್ಕಳಲ್ಲಿ ಮೂಳೆ ತುದಿಯ ಬೆಳವಣಿಗೆ ಪಟ್ಟಿಯಿಂದ ದೂರವಿರಿ. ಡಾಕ್ಸಿಸೈಕ್ಲಿನ್, ಬಿಳಿಚುಕ್ಕೆಗೆ ಕೊಡುವ ಸೊರಾಲೆನ್‌ನಂತಹ, ಬೆಳಕಿಗೆ ಚರ್ಮ ಕೆರಳಿಸುವ ಮಾತ್ರೆ ತಿನ್ನುತ್ತಿದ್ದಾರೆಯೇ ಕೇಳಿ. ಇವು ಕೆರಳುವುದು ಮುಖ್ಯವಾಗಿ ಅತಿನೇರಳೆ ಕಿರಣಕ್ಕೆ. ಆದರೂ ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ.

ಒಳಗೆ ಪ್ಲೇಟ್, ಸ್ಕ್ರೂ, ರಾಡ್ ಇದ್ದರೆ ಮೈಯೊಳಗೆ ಕಾವು ಕೊಡುವ ಶಾರ್ಟ್‌ವೇವ್ ಡೈಯಥರ್ಮಿಗೆ ತಡೆಯಿದೆ, ಇದಕ್ಕಿಲ್ಲ. 3ಬಿ ಲೇಸರ್ ಲೋಹವನ್ನು ಕಾಯಿಸುವುದಿಲ್ಲ. ಪೇಸ್‌ಮೇಕರ್ ಇದ್ದವರಿಗೂ ಇದು ಕರೆಂಟ್ ಕೊಡುವ ಚಿಕಿತ್ಸೆಯಲ್ಲ, ಬೆಳಕು ಮಾತ್ರ. ಆದರೂ ಯಂತ್ರದ ಕೈಪಿಡಿ ಬೇಡ ಎಂದಿದ್ದರೆ ಬೇಡ.

ಲೇಸರ್‌ಗೆ ಮೊದಲು ಡಾಕ್ಟರ ಬಳಿಗೆ ಕಳಿಸಬೇಕಾದವರನ್ನು ಗುರುತಿಸುವುದು ಇದೆಲ್ಲಕ್ಕಿಂತ ಮುಖ್ಯ. ಮೀನಖಂಡ ಒಂದೇ ಕಡೆ ಊದಿ, ಬಿಸಿಯಾಗಿ, ಒತ್ತಿದರೆ ನೋವು ಇದ್ದರೆ ಅದು ಸ್ನಾಯು ಎಳೆತವೇ ಎಂದು ತಿಳಿಯಬೇಡಿ, ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಹಿಮ್ಮಡಿಯ ಹಿಂದೆ "ಟಪ್" ಎಂದು ಸದ್ದಾಗಿ, ಬೋರಲು ಮಲಗಿಸಿ ಮೀನಖಂಡ ಹಿಂಡಿದರೂ ಪಾದ ಅಲ್ಲಾಡದಿದ್ದರೆ ಹಿಮ್ಮಡಿಯ ಅಕಿಲಿಸ್ ಟೆಂಡನ್ ಪೂರ್ತಿ ಹರಿದಿದೆ, ಲೇಸರ್ ಅದನ್ನು ಹೊಲಿಯಲಾರದು. ಕಾಲು ಉಳುಕಿದವರಲ್ಲಿ ಗೆಣ್ಣಿನ ಎಲುಬಿನ ಹಿಂಬದಿ ಅಂಚಿನ ಕೊನೆಯ 6 ಸೆಂಟಿಮೀಟರ್‌ನಲ್ಲೋ, ಕಿರುಬೆರಳ ಸಾಲಿನ ಮೂಳೆಯ ಬುಡದಲ್ಲೋ, ಪಾದದ ಒಳಮಗ್ಗುಲ ನೆವಿಕ್ಯುಲರ್ ಮೂಳೆಯಲ್ಲೋ ಒತ್ತಿದಾಗ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ.

ನಮ್ಮ ಕಡೆಗೇ ಸೇರಿದ ಇನ್ನೊಂದು ಮಾತಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನೇ ಕುಡಿದವರಲ್ಲಿ ಬೆನ್ನು ಬಿಗಿದು, ಕೀಲು ಕೀಲೂ ನೋಯುತ್ತ, ಲಿಗಮೆಂಟ್‌ಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಬಿಳಿಯಾಗಿ ಕಾಣುವುದು ಇದರ ಗುರುತು. ಹಳ್ಳಿಯ ವಯಸ್ಸಾದವರು ಮೈಯೆಲ್ಲ ಹಿಡಿದುಕೊಂಡಿದೆ ಎಂದು ಬಂದರೆ ಕುಡಿಯುವ ನೀರು ಯಾವುದು ಎಂದು ಕೇಳಿ. ಅಲ್ಲಿ ಲೇಸರ್‌ನ ಪ್ಯಾಕೇಜ್ ಕಟ್ಟುವುದು ಅವರ ದುಡ್ಡು ಹಾಳು ಮಾಡಿದಂತೆ.

ಕೋಣೆ ಮತ್ತು ಕಣ್ಣು

ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. 808 ನ್ಯಾನೊಮೀಟರ್ ನೇರ ಕಣ್ಣಿಗೆ ಹೋದರೆ ರೆಟಿನಾ ಸುಡುತ್ತದೆ, ನೋವೂ ಆಗುವುದಿಲ್ಲ. ಕನ್ನಡಕ ಇಬ್ಬರಿಗೂ ಬೇಕು, ರೋಗಿಗೂ ನಿಮಗೂ. ಕನ್ನಡಕದ ಮೇಲೆ ತರಂಗಾಂತರದ ವ್ಯಾಪ್ತಿ ಮತ್ತು ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಓಡಿ ಸಂಖ್ಯೆ ಅಚ್ಚಾಗಿರಬೇಕು, ಅದು ನಿಮ್ಮ ಪ್ರೋಬ್‌ಗೆ ಹೊಂದಬೇಕು. 650ಕ್ಕೆ ಮಾಡಿದ ಕನ್ನಡಕ 808ನ್ನು ಆರಾಮವಾಗಿ ಒಳಗೆ ಬಿಡುತ್ತದೆ. ಕೂಲಿಂಗ್ ಗ್ಲಾಸ್ ಅಂತೂ ಲೆಕ್ಕಕ್ಕೇ ಇಲ್ಲ.

ಕಾಂಪ್ಲೆಕ್ಸ್‌ನ ಅಂಗಡಿ ಮಳಿಗೆಯಲ್ಲಿ ಕ್ಲಿನಿಕ್ ಇದ್ದರೆ ಮುಂದಿನ ಗಾಜಿನ ಬಾಗಿಲ ಮೂಲಕ ಈ ಬೆಳಕು ಹೊರಗೆ ಹೋಗುತ್ತದೆ. ದಪ್ಪ ಪರದೆ ಹಾಕಿ. ಗೋಡೆ ಕನ್ನಡಿ ಮುಚ್ಚಿ, ಸ್ಟೀಲ್ ಟ್ರೇ ಸರಿಸಿ, ರೋಗಿಯ ವಾಚು, ಬಳೆ, ಕಾಲ್ಗೆಜ್ಜೆ ತೆಗೆಸಿ. ಜೊತೆಗೆ ಬಂದ ಮಗುವನ್ನು ಹೊರಗೆ ಕೂರಿಸಿ. ಪ್ರೋಬ್ ಚರ್ಮಕ್ಕೆ ತಾಗಿದ ಮೇಲೆ ಆನ್, ಎತ್ತುವ ಮೊದಲು ಆಫ್. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಅರ್ಧ ಅಪಾಯ ಕಳೆಯುತ್ತದೆ.

ಇಡುವ ಕ್ರಮ

ಚರ್ಮ ತೊಳೆಯುವುದರಿಂದ ಶುರು. ನಮ್ಮಲ್ಲಿ ಬರುವವರ ಮೈಮೇಲೆ ನೋವಿನ ಎಣ್ಣೆ, ಬಾಮ್, ಅರಿಶಿನದ ಪಟ್ಟು ಏನಾದರೊಂದು ಇದ್ದೇ ಇರುತ್ತದೆ. ಒಣಗಿದ ಪಟ್ಟು ಬೆಳಕನ್ನು ತಡೆಯುತ್ತದೆ, ಎಣ್ಣೆಗೆ ಪ್ರೋಬ್ ಜಾರುತ್ತದೆ. ಸೋಪು ನೀರಿನಿಂದ ತೊಳೆದು ಒರೆಸಿ, ಆಮೇಲೆ ಸ್ಪಿರಿಟ್. ಕೂದಲು ದಟ್ಟವಾಗಿದ್ದರೆ ಆ ಜಾಗದಲ್ಲಿ ಕತ್ತರಿಸಿ. ಹಚ್ಚೆ ಮೇಲೆ ಇಡಬೇಡಿ, ಶಾಯಿ ಬೆಳಕು ಹೀರಿ ಕಾಯುತ್ತದೆ. ಹಳೇ ಹೆಂಗಸರ ಮುಂಗೈ ಹಚ್ಚೆ ಇಲ್ಲಿ ನೆನಪಿರಲಿ.

ಪ್ರೋಬನ್ನು ಚರ್ಮಕ್ಕೆ ನೆಟ್ಟಗೆ, ಲಂಬವಾಗಿ, ಗಟ್ಟಿಯಾಗಿ ಒತ್ತಿ. ಒತ್ತುವುದಕ್ಕೆ ಕಾರಣವಿದೆ: ಚರ್ಮದ ರಕ್ತ ಪಕ್ಕಕ್ಕೆ ಸರಿಯುತ್ತದೆ, ಆ ರಕ್ತವೇ ಬೆಳಕನ್ನು ಹೀರುತ್ತಿರುತ್ತದೆ, ಮತ್ತು ಒಳಗಿನ ಟೆಂಡನ್ ಪ್ರೋಬ್‌ಗೆ ಹತ್ತಿರವಾಗುತ್ತದೆ. ಒಂದು ಸೆಂಟಿಮೀಟರ್ ಎತ್ತಿ ಹಿಡಿದರೆ ಬೆಳಕಿನ ಒಂದು ಪಾಲು ಚರ್ಮದಿಂದ ವಾಪಸ್ ಹೋಗುತ್ತದೆ. ಹೊಸ ಪೆಟ್ಟು, ಒತ್ತಿದರೆ ಜೀವ ಹೋಗುವಷ್ಟು ನೋವು ಎಂದಾದರೆ ಮಾತ್ರ ಸುಮ್ಮನೆ ತಾಗಿಸಿ. ಪಾಯಿಂಟ್‌ಗಳ ನಡುವೆ 1ರಿಂದ 2 ಸೆಂಟಿಮೀಟರ್ ಬಿಡಿ. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಪ್ರೋಬ್ ತುದಿ ಒರೆಸಿ. ಒರೆಸದ ಲೆನ್ಸ್ ಮೇಲೆ ಕೂತ ಜಿಡ್ಡು ಸಹ ಬೆಳಕು ತಿನ್ನುತ್ತದೆ.

ವಾಲ್ಟ್‌ನ ಶಿಫಾರಸಿನಲ್ಲಿ 780ರಿಂದ 860ರ ಲೇಸರ್‌ಗೆ ಒಂದು ಪಾಯಿಂಟ್‌ಗೆ ಸಾಮಾನ್ಯವಾಗಿ ಕನಿಷ್ಠ 4 ಜೌಲ್, 904ಕ್ಕೆ ಕನಿಷ್ಠ 1 ಜೌಲ್. 904ರ ಬೆಳಕು ಚರ್ಮವನ್ನು ಹೆಚ್ಚು ಚೆನ್ನಾಗಿ ದಾಟುವುದರಿಂದ ಅದಕ್ಕೆ ಕಡಿಮೆ ಸಾಕು. ಕೆಳಗಿನ ಲೆಕ್ಕಗಳು ಮೊದಲನೆಯದಕ್ಕೆ.

ಮೊಣಕೈ ಹೊರಮಗ್ಗುಲು: ಟೆನಿಸ್ ಎಲ್ಬೋ ಎಂದು ಹೆಸರು, ಬರುವುದು ಹಾಲು ಕರೆಯುವವರಿಗೆ, ಗಾರೆ ಕೆಲಸದವರಿಗೆ. ಮೊಣಕೈ ಅರ್ಧ ಮಡಿಸಿ ಮೇಜಿನ ಮೇಲೆ ಇರಿಸಿ. ಹೊರಗಿನ ಗುಬುಟಾದ ಎಲುಬು ಹುಡುಕಿ, ಅದರ ತುದಿಯಿಂದ ಸ್ವಲ್ಪ ಮುಂದಕ್ಕೆ ಬೆರಳು ಜಾರಿಸಿದರೆ ರೋಗಿ "ಅಲ್ಲೇ" ಎನ್ನುತ್ತಾರೆ. ಅಲ್ಲಿ ಒಂದು ಪಾಯಿಂಟ್, ಬೇಕಾದರೆ ಪಕ್ಕದಲ್ಲಿ ಇನ್ನೊಂದು, ಒಟ್ಟು ಕನಿಷ್ಠ 4 ಜೌಲ್. ಮುಂಗೈಯ ಸ್ನಾಯುವಿನ ಉದ್ದಕ್ಕೂ ಉಜ್ಜುತ್ತ ಹೋಗುವುದು ವ್ಯರ್ಥ, ಬೆಳಕು ಬೇಕಾದ್ದು ಟೆಂಡನ್ ಎಲುಬಿಗೆ ಕಚ್ಚಿಕೊಂಡಿರುವ ಕಡೆ.

ಹೆಬ್ಬೆರಳ ಬುಡ: ರೀಲಿಂಗ್ ಮಾಡುವವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಕೈಕೂಸು ಎತ್ತುವ ತಾಯಂದಿರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಇರಿಸಿ ಕೈಯನ್ನು ಕಿರುಬೆರಳ ಕಡೆಗೆ ಬಗ್ಗಿಸಿದರೆ ಮಣಿಕಟ್ಟಿನ ಹೆಬ್ಬೆರಳ ಕಡೆಯ ಎಲುಬಿನ ಮೇಲೆ ಚುಚ್ಚುತ್ತದೆ. ಡಿ ಕ್ವೆರ್ವೇನ್ ಎಂಬ ಟೆಂಡನ್ ತೊಂದರೆ ಅದು. ಟೆಂಡನ್ ಚರ್ಮದ ಕೆಳಗೇ ಇರುವುದರಿಂದ ಬೆಳಕು ಸುಲಭವಾಗಿ ಮುಟ್ಟುತ್ತದೆ. ಒಂದೆರಡು ಪಾಯಿಂಟ್ ಸಾಕು. ಆದರೆ ಹೆಬ್ಬೆರಳಿಗೆ ಪಟ್ಟಿ ಹಾಕಿ ಬಿಡುವು ಕೊಡದಿದ್ದರೆ ಬೆಳಗ್ಗೆ ಕೊಟ್ಟದ್ದು ಸಂಜೆಯ ಪಾಳಿಯಲ್ಲಿ ಕಳೆದುಹೋಗುತ್ತದೆ.

ಭುಜ: ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ಭುಜದ ಮೇಲೆ ಪ್ರೋಬ್ ಇಟ್ಟರೆ ಬೆಳಕು ಬೀಳುವುದು ಅಕ್ರೋಮಿಯನ್ ಎಲುಬಿನ ಮೇಲೆ, ಸುಪ್ರಾಸ್ಪೈನೇಟಸ್ ಟೆಂಡನ್ ಅದರ ಅಡಿಯಲ್ಲಿ ಅಡಗಿರುತ್ತದೆ. ರೋಗಿಯ ಕೈಯನ್ನು ಬೆನ್ನ ಹಿಂದಕ್ಕೆ, ಸೊಂಟದ ಪಟ್ಟಿ ಸಿಕ್ಕಿಸುವವರಂತೆ ಇರಿಸಿ. ಆಗ ಟೆಂಡನ್ ಎಲುಬಿನ ಮುಂಭಾಗದಿಂದ ಹೊರಗೆ ಬರುತ್ತದೆ. ಅಕ್ರೋಮಿಯನ್ ಮುಂದಂಚಿನ ಕೆಳಗೆ 2ರಿಂದ 3 ಪಾಯಿಂಟ್, ಒಟ್ಟು ಕನಿಷ್ಠ 8 ಜೌಲ್. 100 ಮಿಲಿವ್ಯಾಟ್ ಪ್ರೋಬ್‌ನಲ್ಲಿ ಒಂದೊಂದಕ್ಕೆ 40 ಸೆಕೆಂಡ್. ಬಿದ್ದ ಮೇಲೆ ಕೈ ಎತ್ತಲೇ ಆಗುತ್ತಿಲ್ಲ ಎನ್ನುವ ಹಮಾಲಿಗೆ ಮೊದಲು ಸ್ಕ್ಯಾನ್.

ಅಕಿಲಿಸ್: ಬೋರಲು ಮಲಗಿಸಿ, ಪಾದ ಮಂಚದಿಂದ ಹೊರಗೆ. ಹಿಮ್ಮಡಿ ಎಲುಬಿನಿಂದ 2ರಿಂದ 6 ಸೆಂಟಿಮೀಟರ್ ಮೇಲೆ ಗಂಟಾಗಿರುವ ಜಾಗದ ಎರಡೂ ಮಗ್ಗುಲಿನಿಂದ, ಒಟ್ಟು 8 ಜೌಲ್. ಅಂಗಾಲಿನ ಹಿಮ್ಮಡಿ ನೋವಿಗೂ ಅಷ್ಟೇ, ಒಳಮಗ್ಗುಲಿನಿಂದ ಇಡಿ. ಬರಿಗಾಲಲ್ಲಿ ಹೊಲದಲ್ಲಿ ನಡೆದವರ ಅಂಗಾಲಿನ ದಪ್ಪ ಚರ್ಮವನ್ನು ಬೆಳಕು ದಾಟುವುದು ಕಷ್ಟ.

ತೊಡೆ, ಮೀನಖಂಡದ ಸ್ನಾಯು ಎಳೆತದಲ್ಲಿ ಒಂದು ಪಾಯಿಂಟ್ ಏನೂ ಸಾಲದು. ನೋವಿನ ಜಾಗದ ಸುತ್ತ ಪೆನ್ನಿನಿಂದ ಗೆರೆ ಹಾಕಿ, ಒಳಗೆ 2 ಸೆಂಟಿಮೀಟರ್‌ಗೆ ಒಂದರಂತೆ ಚುಕ್ಕೆ ಇಟ್ಟು, ಒಂದೊಂದಕ್ಕೂ 4ರಿಂದ 6 ಜೌಲ್. ಕ್ಲಸ್ಟರ್ ಪ್ರೋಬ್‌ಗೆ ನಿಜವಾದ ಕೆಲಸ ಇರುವುದು ಇಲ್ಲಿ. ಮೊದಲ ಎರಡು ಮೂರು ದಿನ ರಕ್ತ ಕಟ್ಟುತ್ತಿರುವಾಗ ಐಸ್, ಬ್ಯಾಂಡೇಜ್, ವಿಶ್ರಾಂತಿ ಸಾಕು.

ಮೂಳೆ ಮುರಿತಕ್ಕೆ

ಇಲ್ಲಿ ಮಾತಿನಲ್ಲಿ ಹಿಡಿತ ಇರಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮುರಿದ ಮೂಳೆ ಲೇಸರ್‌ನಿಂದ ಬೇಗ ಕೂಡಿದ್ದು ಕಂಡಿದೆ. ಮನುಷ್ಯರಲ್ಲಿ ಇರುವ ಪುರಾವೆ ತೆಳು. ಹಾಗಾಗಿ "ಲೇಸರ್ ಇಟ್ಟರೆ ಹದಿನೈದು ದಿನ ಮೊದಲೇ ಕೂಡುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೋವು, ಊತ ಇಳಿಸುವುದಕ್ಕೆ ಜೊತೆಗೊಂದು ಸಹಾಯ ಎಂದು ಇಟ್ಟುಕೊಳ್ಳಬಹುದು. ಅದೂ ಚರ್ಮದ ಕೆಳಗೇ ಮೂಳೆ ಸಿಗುವ ಕಡೆ: ಬೆರಳು, ಮಣಿಕಟ್ಟು, ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ಒಳ ಅಂಚು. ತೊಡೆ ಮೂಳೆಗೆ ಇಷ್ಟು ಬೆಳಕು ಮುಟ್ಟುವುದೇ ಇಲ್ಲ.

ಪ್ಲಾಸ್ಟರ್ ಮೂಲಕ ಬೆಳಕು ಹೋಗುವುದಿಲ್ಲ, ಪುತ್ತೂರು ಕಟ್ಟಿನ ಮೂಲಕವೂ ಇಲ್ಲ. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಂದವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಹೇಳಬೇಕಾದ್ದು ಎಕ್ಸ್‌ರೇ ತೆಗೆಸಿ, ಮೂಳೆ ಸರಿಯಾಗಿ ಕೂತಿದೆಯೇ ನೋಡಿಸಿ ಎಂದು. ಬೆಳಕಿಗಾಗಿ ಕಟ್ಟನ್ನೋ ಪ್ಲಾಸ್ಟರನ್ನೋ ನೀವಾಗಿ ಬಿಚ್ಚಬೇಡಿ, ಬೆರಳು ನೀಲಿಯಾದರೆ, ಜೋಮು ಹಿಡಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕಳಿಸಿ. ಪೊಲೀಸ್, ಸೈನ್ಯದ ಆಯ್ಕೆಗೆ ಓಡುವ ಹುಡುಗರ ಮುಂಗಾಲಿನಲ್ಲಿ ಒಂದೇ ಬೆರಳಗಲದಷ್ಟು ಜಾಗದಲ್ಲಿ ನೋವಿದ್ದರೆ ಅದು ಕೂದಲೆಳೆ ಬಿರುಕು ಇರಬಹುದು. ಲೇಸರ್‌ನಿಂದ ನೋವು ಇಳಿಯಿತೆಂದು ಮರುದಿನ ಓಡಿದರೆ ಬಿರುಕು ಮುರಿತವಾಗುತ್ತದೆ. ಇಲ್ಲಿ ಚಿಕಿತ್ಸೆ ಓಟ ನಿಲ್ಲಿಸುವುದು.

ಎಷ್ಟು ದಿನ, ಯಾವಾಗ ನಿಲ್ಲಿಸಬೇಕು

ದಿನವೂ ಎರಡು ವಾರ, ಇಲ್ಲವೇ ದಿನ ಬಿಟ್ಟು ದಿನ ಮೂರರಿಂದ ನಾಲ್ಕು ವಾರ. ವಾರಕ್ಕೊಮ್ಮೆ ಸಂತೆಗೆ ಬಂದಾಗ ಇಡಿಸಿಕೊಂಡು ಹೋದರೆ ಉಪಯೋಗವಿಲ್ಲ, ಅಂಥವರಿಗೆ ಲೇಸರ್ ಬದಲು ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿ. ಉರಿಯೂತ ಇಳಿದ ಮೇಲೆ ಪ್ರಮಾಣವನ್ನು ಸುಮಾರು 30 ಶೇಕಡಾ ತಗ್ಗಿಸಿ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ನಿಯಮ ಇಲ್ಲಿಲ್ಲ: ಒಂದು ಮಿತಿ ದಾಟಿದರೆ ಪರಿಣಾಮ ಕುಗ್ಗುತ್ತದೆ, ತಿರುಗಿಯೂ ಬೀಳುತ್ತದೆ. ಮೊದಲ ದಿನದ ನಂತರ ಒಂದು ದಿನ ನೋವು ಕೊಂಚ ಏರಿದರೆ ಗಾಬರಿ ಬೇಡ, ಮುಂದಿನ ಸಲ ಅರ್ಧ ಕೊಡಿ. ಐದಾರು ಸಲ ಇಟ್ಟರೂ ಏನೂ ಬದಲಾಗದಿದ್ದರೆ ಮೊದಲು ಯಂತ್ರವನ್ನು, ಆಮೇಲೆ ನಿಮ್ಮ ರೋಗನಿರ್ಣಯವನ್ನು ಅನುಮಾನಿಸಿ.

2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆಯಲ್ಲಿ 16 ಪ್ರಯೋಗಗಳ 820 ಕುತ್ತಿಗೆ ನೋವಿನ ರೋಗಿಗಳನ್ನು ನೋಡಿ, ದೀರ್ಘಕಾಲದ ನೋವಿನಲ್ಲಿ ಚಿಕಿತ್ಸೆ ಮುಗಿದ ಮೇಲೂ 22 ವಾರದವರೆಗೆ ಉಪಶಮನ ಕಂಡಿತ್ತು. ಇದು ನೋವಿನ ಮಾತು. ಟೆಂಡನ್ ಗಟ್ಟಿಯಾಗುವುದು ಭಾರ ಹೊತ್ತಾಗ. ಅಕಿಲಿಸ್‌ಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಇಳಿಸುವುದು, ಮೊಣಕಾಲು ನೆಟ್ಟಗೆ ಇಟ್ಟು 15ರ ಮೂರು ಸುತ್ತು, ಮಡಿಸಿ ಮೂರು ಸುತ್ತು, ದಿನಕ್ಕೆ ಎರಡು ಸಲ, 12 ವಾರ. ಮೊಣಕೈಗೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನ ಕೆಳಗಿಳಿಸುವುದು. ಲೇಸರ್ ನೋವು ತಗ್ಗಿಸಿ ಕೊಟ್ಟ ಬಿಡುವಿನಲ್ಲಿ ಇದನ್ನು ಮಾಡಿಸದಿದ್ದರೆ ತಿಂಗಳಲ್ಲಿ ಅದೇ ಮನುಷ್ಯ ಅದೇ ಮೊಣಕೈ ಹಿಡಿದು ಬರುತ್ತಾನೆ.

ಕ್ಲಾಸ್ 4 ಯಂತ್ರಗಳು ಈಗ ತಾಲೂಕು ಊರುಗಳಿಗೂ ಬಂದಿವೆ. ಹತ್ತು ವ್ಯಾಟ್‌ನ ಪ್ರೋಬನ್ನು ಒಂದೇ ಕಡೆ ನಿಲ್ಲಿಸಿದರೆ ಸುಟ್ಟ ಗಾಯ ಖಚಿತ. ನಮ್ಮ ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಅದು ಬೇಗ ಕಾಯುತ್ತದೆ, ಬಿಳಿ ಚರ್ಮಕ್ಕೆ ಮಾಡಿದ ಪ್ರೋಗ್ರಾಂ ಹಾಗೇ ಒತ್ತಬೇಡಿ. ಕೈ ನಿಲ್ಲದೆ ಆಡುತ್ತಿರಲಿ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಇದು ಬೇಡವೇ ಬೇಡ.

ಯಂತ್ರದ ಆರೋಗ್ಯ ನೋಡಲು ಮೊಬೈಲ್ ಕ್ಯಾಮೆರಾ ಒಂದು ಸುಲಭದ ದಾರಿ: ಕನ್ನಡಕ ಹಾಕಿಕೊಂಡು, ಪ್ರೋಬನ್ನು ಬಿಳಿ ಕಾಗದಕ್ಕೆ ಹಿಡಿದು ಕ್ಯಾಮೆರಾದಲ್ಲಿ ನೋಡಿದರೆ ಕಾಣದ ಬೆಳಕು ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಕಾಣದಿದ್ದರೆ ಡಯೋಡ್ ಹೋಗಿರಬಹುದು, ಅಥವಾ ಆ ಫೋನಿನ ಫಿಲ್ಟರ್ ತಡೆಯುತ್ತಿರಬಹುದು. ಮುಂದಿನ ಕ್ಯಾಮೆರಾದಲ್ಲೂ ನೋಡಿ. ಇದರಿಂದ ಬೆಳಕು ಬರುತ್ತಿದೆ ಎಂದಷ್ಟೇ ತಿಳಿಯುತ್ತದೆ, ಎಷ್ಟು ಎಂದಲ್ಲ. ಅದಕ್ಕೆ ಪವರ್ ಮೀಟರ್ ಬೇಕು. ವರ್ಷಕ್ಕೊಮ್ಮೆ ಅಳೆಸಿ, 100 ಎಂದು ಬರೆದ ಪ್ರೋಬ್ 60 ಕೊಡುತ್ತಿದ್ದರೆ 4 ಜೌಲ್‌ಗೆ 40ರ ಬದಲು 67 ಸೆಕೆಂಡ್ ಇಡಿ. ಕರೆಂಟ್ ಏರಿಳಿತ ಇರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ನಡೆಸಬೇಡಿ.

ಪ್ರತಿ ಸಲವೂ ಚೀಟಿಯಲ್ಲಿ ಹೀಗೆ ಬರೆಯಿರಿ: "ಬಲ ಭುಜ, ಸುಪ್ರಾಸ್ಪೈನೇಟಸ್, 808 ನ್ಯಾ.ಮೀ., 100 ಮಿ.ವ್ಯಾ., 3 ಪಾಯಿಂಟ್, ತಲಾ 40 ಸೆಕೆಂಡ್, ಒಟ್ಟು 12 ಜೌಲ್, ನೋವು ಹತ್ತಕ್ಕೆ 7ರಿಂದ 5." "ಲೇಸರ್ 5 ನಿಮಿಷ" ಎಂದು ಬರೆದರೆ ಮುಂದೆ ನೋಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.